ಚಿನ್ನದ ಗಣಿಗೆ ಬಂದವರು

ತುಮಕೂರು ತಾಲೂಕಿನ ಕೋರ ಹೋಬಳಿಯನ್ನು ಹಿಂದಿನಿಂದ ಬಲ್ಲವರಿಗೆ ಅದು ರಾಗಿ, ನೆಲಗಡಲೆ, ತೆಂಗಿನ ನಾಡು. ಇಂದು ಅದೇ ಹೋಬಳಿಯ ವಸಂತನರಸಾಪುರದಲ್ಲಿ ಕಾರ್ಖಾನೆಗಳು ಸಾಲುಗಟ್ಟಿ ನಿಂತಿವೆ. 2014ರ ಸೆಪ್ಟೆಂಬರ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ಅಲ್ಲಿಯ ಫುಡ್ ಪಾರ್ಕನ್ನು ಉದ್ಘಾಟಿಸಿದ ಮೇಲಂತೂ ಆ ಹೆಸರು ದೂರದವರಿಗೂ ಪರಿಚಿತವಾಯಿತು. ಕಾರ್ಖಾನೆಗಳ ಹಿಂದೆಯೇ ಹೊರರಾಜ್ಯಗಳ ಕಾರ್ಮಿಕರೂ ಬಂದರು. ಸಂಜೆಯ ಹೊತ್ತು ಅಂಗಡಿಗಳ ಮುಂದೆ ಹಿಂದಿಯ ಮಾತು ಕಿವಿಗೆ ಬಿದ್ದಾಗ ಊರಿನ ಹಿರಿಯರು, "ಇವರೆಲ್ಲ ಎಲ್ಲಿಂದ ಬಂದರು? ನಮ್ಮ ಹುಡುಗರಿಗೆ ಕೆಲಸ ಬೇಡವೇ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಹೊಸದಲ್ಲ. ನಮ್ಮ ನಾಡಿನಲ್ಲಿ ಯಂತ್ರಯುಗ ಮೊದಮೊದಲು ಕಾಲಿಟ್ಟ ಸ್ಥಳಗಳಲ್ಲಿ ಒಂದಾದ ಕೋಲಾರದ ಚಿನ್ನದ ಗಣಿಯಲ್ಲಿಯೇ ಅದು ಹುಟ್ಟಿಕೊಂಡಿತ್ತು.

ಐರಿಷ್ ಮೂಲದ ಮೈಕೇಲ್ ಲವೆಲ್ ಎಂಬ ಮಾಜಿ ಸೈನಿಕನು 1870ರ ದಶಕದಲ್ಲಿ ಮೈಸೂರು ಸರಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದನು. ಸಿರಿ ಮಾತ್ರ ಅವನ ಪಾಲಿಗೆ ಬರಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತವನ್ನು ವಹಿಸಿಕೊಂಡ ಬಳಿಕವೇ ನೆಲದೊಡಲಿನ ಚಿನ್ನ ಮೇಲೇರತೊಡಗಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಅಲ್ಲಿಂದ ತೆಗೆದ ಚಿನ್ನ 800 ಟನ್ನುಗಳಿಗೂ ಹೆಚ್ಚು.

ಈ ಚಿನ್ನವನ್ನು ಅಗೆದವರು ಯಾರು? ಬಹುಪಾಲು ತಮಿಳು ಮಾತನಾಡುವ ಆದಿದ್ರಾವಿಡರು. ಉತ್ತರ ಆರ್ಕಾಟ್, ಸೇಲಂ ಕಡೆಯ ದಲಿತ ಕುಟುಂಬಗಳವರು. ಚಿತ್ತೂರಿನ ಕಡೆಯ ತೆಲುಗರೂ ಇದ್ದರು. ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ (1876–78) ದಕ್ಷಿಣದ ಹಳ್ಳಿಗಳನ್ನು ಬರಿದು ಮಾಡಿ ಹೆಚ್ಚು ಕಾಲವಾಗಿರಲಿಲ್ಲ. ಹೊಲವಿಲ್ಲದ, ಊರ ಬಾವಿಯ ನೀರಿಗೂ ಹಕ್ಕಿಲ್ಲದ ಮನುಷ್ಯನಿಗೆ ಭೂಮಿಯೊಳಗಿನ ಕತ್ತಲೆಯೂ ಒಂದು ಬಿಡುಗಡೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಸುತ್ತಲಿನ ಕನ್ನಡ ರೈತರು ಗಣಿಗೆ ಇಳಿಯಲು ಹಿಂಜರಿದರು. ಇದನ್ನು ಸೋಮಾರಿತನವೆಂದು ಕರೆದವರುಂಟು. ನನಗೆ ಹಾಗೆ ತೋರುವುದಿಲ್ಲ. ಒಂದೆಕರೆ ರಾಗಿಯ ಹೊಲವಿದ್ದವನು ಅದನ್ನು ಬಿಟ್ಟು ಬಂಡೆ ಸಿಡಿದು ಸಾಯುವ ಜಾಗಕ್ಕೆ ಏಕೆ ಹೋದಾನು? ಕಂಪನಿಗೂ ಬೇಕಾಗಿದ್ದವನು ಹಿಂದಿರುಗಲು ಹೊಲವಿಲ್ಲದ ಆಳು.

ಗಣಿಯ ಊರು ಬಣ್ಣದ ಲೆಕ್ಕದಲ್ಲಿ ಬೆಳೆಯಿತು. ಮೇಲಧಿಕಾರಿಗಳು ಇಂಗ್ಲಿಷರು, ನುರಿತ ಗಣಿಗಾರರು ಕಾರ್ನ್‌ವಾಲ್ ಮತ್ತು ಇಟಲಿಯಿಂದ ಬಂದವರು, ಅವರ ಕೆಳಗೆ ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು, ಎಲ್ಲರಿಗಿಂತ ಕೆಳಗೆ, ಅಕ್ಷರಶಃ ನೆಲದ ಕೆಳಗೆ, ತಮಿಳು ಆಳು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಆಳುಗಳಿಗೆ 'ಲೈನು'ಗಳಲ್ಲಿ ಬಿದಿರ ತಟ್ಟಿಯ ಗುಡಿಸಲು. ಕೂಲಿ ಮಾಡುವವನು ಕಳ್ಳನೇ ಇರಬೇಕೆಂಬ ಗುಮಾನಿಯಿಂದ ಗಣಿಯಿಂದ ಹೊರಬರುವ ಪ್ರತಿಯೊಬ್ಬ ಆಳನ್ನೂ ತಡಕಿ ನೋಡಲಾಗುತ್ತಿತ್ತು. ಚಿನ್ನದ ಕಳವನ್ನು ತಡೆಯಲೆಂದೇ ಮೈಸೂರು ಸರಕಾರ ಪ್ರತ್ಯೇಕ ಕಾನೂನನ್ನು ಮಾಡಿಕೊಟ್ಟಿತು. ರಾಜಧನ ಪಡೆಯುವ ಸರಕಾರಕ್ಕೂ ಅದರಲ್ಲಿ ಪಾಲಿತ್ತಷ್ಟೆ.

1930ರ ಏಪ್ರಿಲ್ ತಿಂಗಳಲ್ಲಿ ಈ ಗುಮಾನಿ ಕಟ್ಟೆಯೊಡೆಯಿತು. ಆಳುಗಳೆಲ್ಲ ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಂಪನಿ ಹೊಸ ಕ್ರಮವನ್ನು ತಂದಿತು. ಕೂಲಿ ಹೆಚ್ಚಿಸಿರೆಂದಲ್ಲ, ಬೆರಳಚ್ಚು ಕೊಡೆವೆಂದು ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಇಂದು ಪಡಿತರದ ಅಂಗಡಿಯಲ್ಲಿಯೂ ಬೆರಳೊತ್ತುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಅಂದು ಬೆರಳಚ್ಚು ಎಂದರೆ ಅಪರಾಧಿಯ ಗುರುತು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾಯಿದೆಯ ವಿರುದ್ಧವೇ ಗಾಂಧೀಜಿಯವರು 1906ರಲ್ಲಿ ತಮ್ಮ ಮೊದಲ ಸತ್ಯಾಗ್ರಹಕ್ಕೆ ಇಳಿದದ್ದು. ಹೇಳಿಕೊಳ್ಳಲು ಒಂದು ಸಂಘವೂ ಇಲ್ಲದಿದ್ದ ಗಣಿಯ ಆಳುಗಳು ಸುಮಾರು ಮೂರು ವಾರ ಪಟ್ಟು ಬಿಡಲಿಲ್ಲ. ಕಂಪನಿಯೇ ಹಿಂಜರಿಯಿತು. ಹದಿನಾರು ವರ್ಷಗಳ ನಂತರದ ಹೋರಾಟ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಇಲ್ಲಿ ಸ್ವಲ್ಪ ಗಣಿಯನ್ನು ಬಿಟ್ಟು ಕಾವೇರಿಯ ಕಡೆಗೆ ನಡೆಯೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಾಡಿನ ಯಾವ ಮನೆಯ ದೀಪವನ್ನೂ ಹೊತ್ತಿಸುವ ಮೊದಲು ನೂರು ಮೈಲಿಗೆ ಸಮೀಪದ ದೂರ ಹರಿದು ಈ ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಬೇಸಗೆಯಲ್ಲಿ ನದಿ ಬತ್ತಿದರೆ ಗಣಿ ನಿಲ್ಲುತ್ತದೆ, ಕಂಪನಿಗೆ ಕೊಟ್ಟ ಮಾತು ತಪ್ಪುತ್ತದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ವ್ಯವಸಾಯದ ಚಿಂತೆಯಷ್ಟೇ ಈ ಚಿಂತೆಯೂ ಕಾರಣ. ವಿಶ್ವೇಶ್ವರಯ್ಯನವರ ದೂರದೃಷ್ಟಿಯನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆ ಕಟ್ಟೆಯ ಖರ್ಚನ್ನು ಸಮರ್ಥಿಸಿದ ಲೆಕ್ಕಪತ್ರದಲ್ಲಿ ಗಣಿಯ ವಿದ್ಯುತ್ತಿನ ಆದಾಯವೂ ಇತ್ತು. ಆ ಆದಾಯದ ಹಿಂದೆ ಭೂಗರ್ಭದ ಕಾವಿನಲ್ಲಿ ಬೆವರಿಳಿಸುತ್ತಿದ್ದ ತಮಿಳು ಆಳಿನ ತೋಳಿತ್ತು.

ಎಂಬತ್ತು ವರ್ಷಗಳ ಬಳಿಕ ಅದೇ ಕಟ್ಟೆಯ ನೀರಿನ ಹೆಸರಿನಲ್ಲಿ ನಡೆದದ್ದೇನು? ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ 1991ರ ಡಿಸೆಂಬರ್‌ನಲ್ಲಿ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಕನ್ನಡ ರೈತನಿಗೆ ಅನ್ಯಾಯವಾಯಿತೆಂಬ ನೋವು ನಿಜವಾದುದು, ಅದನ್ನು ಅಲ್ಲಗಳೆಯಲಾರೆ. ಆದರೆ ಡಿಸೆಂಬರ್ 12, 13ರಂದು ಬೆಂಗಳೂರಿನಲ್ಲಿ ಬೆಂಕಿ ಬಿದ್ದದ್ದು ತಮಿಳು ಮಾತನಾಡುವ ಬಡವರ ಗುಡಿಸಲುಗಳಿಗೆ, ಅಂಗಡಿಗಳಿಗೆ. ಗೋಲಿಬಾರಿನಲ್ಲಿಯೇ ಹತ್ತಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು. ನ್ಯಾಯಮಂಡಳಿಯ ಆದೇಶಕ್ಕೂ ಗಾರೆಕೆಲಸದವನ ಗುಡಿಸಲಿಗೂ ಏನು ಸಂಬಂಧ? ಕಾರ್ಮಿಕರ ಘನತೆಯನ್ನು ಕುರಿತು ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲಿ ಹೊರಡಿಸಿದ ವಿಶ್ವಪತ್ರದ ಶತಮಾನೋತ್ಸವವನ್ನು ಧರ್ಮಸಭೆಯು ಆಚರಿಸಿದ ವರ್ಷವೂ ಅದೇ.

ಪ್ರಿಯ ಓದುಗರೇ, ಈ ಕಲಹ ದೇವಾಲಯದ ಹೊಸ್ತಿಲಾಚೆ ನಿಂತಿತೆಂದು ಹೇಳಲು ಬಾಯಿ ಬಾರದು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಲ್ಯಾಟಿನ್ ಭಾಷೆಯ ಸ್ಥಾನಕ್ಕೆ ಜನರ ಭಾಷೆ ಬಂದಾಗ, ಯಾವ ಜನರ ಭಾಷೆ ಎಂಬ ಪ್ರಶ್ನೆ ಬೆಂಗಳೂರು ಮಹಾಧರ್ಮಕ್ಷೇತ್ರವನ್ನು ದಶಕಗಳ ಕಾಲ ಕಾಡಿತು. ನಾಡಿನ ಭಾಷೆಗೆ ನಾಡಿನ ದೇವಾಲಯದಲ್ಲಿ ಮೊದಲ ಸ್ಥಾನ ಬೇಕೆಂದ ಕನ್ನಡ ಕ್ರೈಸ್ತರ ಬೇಡಿಕೆ ಸರಿಯಾದುದೇ ಆಗಿತ್ತು. ಅದಕ್ಕಾಗಿ ಅವರು ಬೀದಿಗಿಳಿಯಬೇಕಾದದ್ದು ಖೇದಕರ. ಆದರೆ ಗಣಿಯಲ್ಲಿ, ದಂಡಿನ ಪ್ರದೇಶದಲ್ಲಿ ದುಡಿದು ಸತ್ತವರ ಮಕ್ಕಳು ತಾಯಿ ಕಲಿಸಿದ ತಮಿಳಿನಲ್ಲಿ ಜಪಸರ ಹೇಳುವುದನ್ನು ಕನ್ನಡದ ಮೇಲಿನ ದ್ವೇಷವೆಂದು ಓದಿದ್ದು ಸರಿಯಲ್ಲ.

ನಾವೂ ವಲಸೆ ಹೋದವರೇ. ಕರಾವಳಿಯ ಹುಡುಗರು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಮುಂದೆ ಹೋಟೆಲಿನ ಒಡೆಯರಾದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮರಾಠಿಗರ ಕೆಲಸ ಕಿತ್ತುಕೊಂಡವರೆಂದು ಹಳಿಸಿಕೊಂಡು, ಕಲ್ಲೇಟಿಗೆ ಹೋಟೆಲಿನ ಗಾಜು ಕಳೆದುಕೊಂಡವರಲ್ಲಿ ಅವರೂ ಇದ್ದರು. ನಮ್ಮ ಪಾವಗಡ, ಮಧುಗಿರಿಯ ಕಡೆಯಿಂದ ಬರಗಾಲದಲ್ಲಿ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋದವರನ್ನು ಬಲ್ಲೆವು.

2012ರ ಆಗಸ್ಟ್ 15ರ ರಾತ್ರಿ ಬೆಂಗಳೂರು ರೈಲು ನಿಲ್ದಾಣದಲ್ಲಿ ಸಾವಿರಾರು ಈಶಾನ್ಯ ಭಾರತೀಯರು ಗುವಾಹಟಿಯ ಗಾಡಿಗೆ ಮುಗಿಬಿದ್ದರು. ಅಸ್ಸಾಮಿನ ಗಲಭೆಗೆ ಇಲ್ಲಿ ಸೇಡು ತೀರಿಸಲಾಗುವುದೆಂಬ ಮೊಬೈಲ್ ಸಂದೇಶಗಳು ಅವರನ್ನು ಓಡಿಸಿದ್ದವು. ಸಂದೇಶ ಸುಳ್ಳಾಗಿರಬಹುದು. ಆದರೆ ತಮ್ಮ ಮುಖಚಹರೆಯನ್ನು ನೋಡಿ ದಿನವೂ ನಗುವ ಊರಿನಲ್ಲಿ ಸುಳ್ಳನ್ನು ನಂಬುವುದು ಎಷ್ಟು ಸುಲಭ! 2020ರ ಮೇ ತಿಂಗಳಲ್ಲಿ ಇದರ ತಿರುವುಮುರುವು ನಡೆಯಿತು. ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡ ಕಾರ್ಮಿಕರು ಊರಿಗೆ ಹೋಗುತ್ತೇವೆಂದರೆ, ಕಟ್ಟಡ ನಿರ್ಮಾಣಗಾರರೊಡನೆ ಮಾತುಕತೆಯಾದ ಬಳಿಕ ರಾಜ್ಯ ಸರಕಾರವು ಅವರ ವಿಶೇಷ ರೈಲುಗಳನ್ನೇ ರದ್ದುಪಡಿಸಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಬಿಟ್ಟಿತು.

2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಿಗಳು ವಿರೋಧಿಸಿದೊಡನೆ ಎರಡೇ ದಿನಗಳಲ್ಲಿ ತಡೆಹಿಡಿಯಿತು. ಅದರಲ್ಲಿ 'ಸ್ಥಳೀಯ' ಎಂದರೆ ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ವಾಸವಿದ್ದು, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು. ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ತಟ್ಟಿ ಲೈನುಗಳ ಮೊಮ್ಮಕ್ಕಳು, ಮರಿಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕಚೇರಿಗೆ ಹೋಗುತ್ತಾರೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಆ ಮಸೂದೆಯ ಮಾತಿನಂತೆ ಅವರು ಸ್ಥಳೀಯರೇ.