ಢರ್ರ್ ಅನ್ನದ ಹುಲ್ಲಿನ ಮೆಷಿನ್

ಮಹದೇವಪುರದ ನಮ್ಮ ಲೇಔಟಿನ ಖಾಲಿ ಸೈಟುಗಳಲ್ಲಿ ಹುಲ್ಲು ಹೊಡೆಯೋಕೆ ಬರೋರ ಹೆಗಲಲ್ಲಿ ಈಗ ಬ್ಯಾಟರಿ ಮೆಷಿನ್. ಸದ್ದೇ ಇಲ್ಲ ಮಾರಾಯ್ರೆ! ಪೆಟ್ರೋಲಿನದ್ದಾದ್ರೆ ಬೀದಿಗೆಲ್ಲ ಗೊತ್ತಾಗ್ತಿತ್ತು. ಪೆಟ್ರೋಲಿಗೆ ಅಳತೆಯಾಗಿ 2ಟಿ ಆಯಿಲ್ ಬೆರೆಸು, ಚೋಕ್ ಹಾಕು, ಹಗ್ಗ ಎಳಿ, ಮತ್ತೆ ಎಳಿ... ಆರನೇ ಸಲಕ್ಕೆ ಢರ್ರ್! ನಿಂತುಹೋದ್ರೆ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದ್ರೆ ಆಯ್ತು.

ನೈಲಾನ್ ದಾರ ತಿರುಗಿಸಿ ಹುಲ್ಲು ಕತ್ತರಿಸೋ ಉಪಾಯ 1971ರಲ್ಲಿ ಹೊಳೆದದ್ದು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಾಲಸ್‌ಗೆ, ಕಾರು ತೊಳೆಯೋ ಕಡೆ ಗಿರಗಿರ ತಿರುಗೋ ಬ್ರಷ್ ನೋಡಿ. ಇನ್ನೊಂದು ತಮಾಷೆ ಕೇಳಿ. ಮರ ಕೊಯ್ಯೋ ಚೈನ್ ಗರಗಸವನ್ನ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮೊದಲು ಮಾಡಿದ್ದು ಕರೆಂಟಿನದ್ದು. ಅವರ ಪೆಟ್ರೋಲ್ ಗರಗಸ ಬಂದದ್ದು 1929ರಲ್ಲಿ. ಅಂದ್ರೆ ನಾನು 'ಹಳೇದೇ ಚೆಂದ' ಅಂತ ಹಲುಬ್ತಿರೋದು ಹೊಸದಕ್ಕೇ! :-)

ಮೊನ್ನೆ ಬ್ಯಾಟರಿ ಖಾಲಿಯಾಗಿ, ನಮ್ಮನೇಲಿ ಚಾರ್ಜಿಗೆ ಹಾಕಿ ಅವರು ಒಂದೂವರೆ ಗಂಟೆ ಜಗಲಿ ಮೇಲೆ ಕೂತಿದ್ರು. ಅಷ್ಟೊತ್ತಿನ ಕೂಲಿ ಹೋಯ್ತು. "ಹಳೇದೇ ವಾಸಿ ಅಲ್ವಾ?" ಅಂದೆ, ಆಸೆಯಿಂದ.

"ಕೂಲಿ ಬಿಡಿ ಸಾರ್, ರಾತ್ರಿ ಕೈ ನಡುಗೋದು ಕಮ್ಮಿಯಾಗಿದೆ. ತಟ್ಟೇಲಿ ಅನ್ನ ಕಲಸೋಕಾಗುತ್ತೆ" ಅಂದ್ರು.

ಸುಮ್ನೆ ಒಳಗೆ ಹೋಗಿ ಕಾಫಿ ತಂದೆ.