ಬೊಲಿವಿಯಾ–ಚಿಲಿ ದೌತ್ಯಸಂಬಂಧ ಮತ್ತು ಕಡಲ ಹಾದಿ

ಬೊಲಿವಿಯಾಕ್ಕೆ ಸಮುದ್ರತೀರವಿಲ್ಲ, ಆದರೂ ಅದಕ್ಕೊಂದು ನೌಕಾಪಡೆಯುಂಟು. ಟಿಟಿಕಾಕಾ ಸರೋವರದಲ್ಲಿಯೂ ಒಳನಾಡಿನ ನದಿಗಳಲ್ಲಿಯೂ ಸಂಚರಿಸುವ ಈ ಪಡೆಯನ್ನು ಕಂಡು ಹೊರಗಿನವರು ನಗುವುದು ಸಹಜ. ಆದರೆ ನಗುವ ಮೊದಲು 1879ರ ಸಂಗತಿಯನ್ನು ಅರಿಯಬೇಕು.

ಅಂದಿನವರೆಗೆ ಅಟಕಾಮಾ ಮರುಭೂಮಿಯ ಕರಾವಳಿಯ ಒಂದು ಭಾಗ ಬೊಲಿವಿಯಾದ ಅಧೀನದಲ್ಲಿತ್ತು. ಅಲ್ಲಿಯ ನೈಟ್ರೇಟ್ ಲವಣವನ್ನು ಅಗೆದು ಮಾರುತ್ತಿದ್ದುದು ಮಾತ್ರ ಚಿಲಿಯ ಹಾಗೂ ಬ್ರಿಟಿಷರ ಬಂಡವಾಳ. ಆ ಭಾಗದ ಚಿಲಿಯವರ ಮೇಲೆ 25 ವರ್ಷಗಳ ಕಾಲ ತೆರಿಗೆಯನ್ನು ಹೆಚ್ಚಿಸುವುದಿಲ್ಲವೆಂದು 1874ರ ಕೌಲಿನಲ್ಲಿ ಬೊಲಿವಿಯಾ ಮಾತು ಕೊಟ್ಟಿತ್ತು. ನಾಲ್ಕೇ ವರ್ಷಗಳಲ್ಲಿ ಕ್ವಿಂಟಲಿಗೆ 10 ಸೆಂಟಾವೊ ಸುಂಕ ವಿಧಿಸಿತು. ಕಂಪೆನಿ ಕೊಡಲೊಪ್ಪದಿರಲು ಅದರ ಸೊತ್ತನ್ನು ಹರಾಜಿಗಿಟ್ಟಿತು. ಹರಾಜಿಗೆ ಗೊತ್ತುಮಾಡಿದ್ದ 1879ರ ಫೆಬ್ರವರಿ 14ರಂದೇ ಚಿಲಿಯ ಸೈನ್ಯ ಅಂತೋಫಗಾಸ್ತಾ ರೇವಿನಲ್ಲಿ ಇಳಿಯಿತು. ಬೊಲಿವಿಯಾದೊಡನೆ 1873ರಲ್ಲಿ ಗುಪ್ತಮೈತ್ರಿ ಮಾಡಿಕೊಂಡಿದ್ದ ಪೆರು ದೇಶವೂ ಯುದ್ಧಕ್ಕೆ ಸಿಕ್ಕಿಕೊಂಡಿತು. ಗೆದ್ದುದು ಚಿಲಿ.

1884ರಲ್ಲಿ ಕದನವಿರಾಮವಾದರೂ ಶಾಂತಿಕೌಲಿಗೆ ಸಹಿ ಬಿದ್ದುದು 1904ರ ಅಕ್ಟೋಬರ್ 20ರಂದು. ಅದರಂತೆ ಕರಾವಳಿ ಶಾಶ್ವತವಾಗಿ ಚಿಲಿಗೆ ಸೇರಿತು. ಪ್ರತಿಯಾಗಿ ಬೊಲಿವಿಯಾಕ್ಕೆ 3,00,000 ಪೌಂಡು ಹಣ, ಚಿಲಿಯ ರೇವುಗಳ ಮೂಲಕ ಸರಕು ಸಾಗಿಸುವ ಹಕ್ಕು, ಅರಿಕಾದಿಂದ ಲಾ ಪಾಸಿಗೆ ರೈಲುಮಾರ್ಗ. ಯುದ್ಧ ಮುಗಿದು ಇಪ್ಪತ್ತು ವರ್ಷಗಳಾದ ಮೇಲೆ ಮನಃಪೂರ್ವಕವಾಗಿ ಮಾಡಿದ ಕೌಲಿದು ಎಂಬುದು ಚಿಲಿಯ ವಾದ. ಸೋತವನು ಹಾಕುವ ಸಹಿ ಎಷ್ಟುಮಟ್ಟಿಗೆ ಮನಃಪೂರ್ವಕವೆಂಬುದು ಬೇರೆಯ ಮಾತು.

ಸಾಮಾನ್ಯವಾಗಿ ಈ ಕಥೆಯನ್ನು ಎರಡು ದೇಶಗಳ ಜಗಳವೆಂದೇ ಹೇಳುತ್ತಾರೆ. ಆದರೆ ಇದರ ಗಂಟು ಬಿಗಿದುದು ಬೊಲಿವಿಯಾ ಸಹಿ ಮಾಡದ ಇನ್ನೊಂದು ಪತ್ರದಲ್ಲಿ. ಯುದ್ಧದಲ್ಲಿ ಚಿಲಿಯ ಕೈಸೇರಿದ ಪೆರುವಿನ ಎರಡು ಪ್ರಾಂತಗಳಲ್ಲಿ ತಕ್ನಾ ಪೆರುವಿಗೆ, ಅರಿಕಾ ಚಿಲಿಗೆ ಎಂದು 1929ರಲ್ಲಿ ತೀರ್ಮಾನವಾಯಿತು. ಪರಸ್ಪರ ಒಪ್ಪಿಗೆಯಿಲ್ಲದೆ ಆ ನೆಲವನ್ನು ಮೂರನೆಯ ರಾಷ್ಟ್ರಕ್ಕೆ ಬಿಟ್ಟುಕೊಡಕೂಡದೆಂದು ಅದರ ಅನುಬಂಧದಲ್ಲಿ ಬರೆದರು. ಮೂರನೆಯ ರಾಷ್ಟ್ರ ಯಾವುದೆಂದು ಹೆಸರಿಸುವ ಅಗತ್ಯವಿರಲಿಲ್ಲ.

ಇದರ ಫಲ ಕಂಡುದು ಬಹುಕಾಲದ ತರುವಾಯ. ಲೌಕಾ ನದಿಯ ನೀರನ್ನು ಚಿಲಿ ತಿರುಗಿಸಿಕೊಂಡ ಕಾರಣ ಬೊಲಿವಿಯಾ 1962ರಲ್ಲಿ ರಾಯಭಾರ ಸಂಬಂಧವನ್ನು ಕಡಿದುಕೊಂಡಿತ್ತು. 1975ರ ಫೆಬ್ರವರಿ 8ರಂದು ಗಡಿಯ ಚರಾನ್ಯಾದಲ್ಲಿ, ಅದೇ ರೈಲುಮಾರ್ಗದ ಮೇಲೆ, ಇಬ್ಬರು ಸೇನಾಧಿಪತಿ ಅಧ್ಯಕ್ಷರಾದ ಬಾನ್ಸೆರ್ ಮತ್ತು ಪಿನೊಚೆ ಆಲಿಂಗಿಸಿಕೊಂಡರು. ಸಂಬಂಧ ಮತ್ತೆ ಕೂಡಿತು. ಅರಿಕಾದ ಉತ್ತರದಲ್ಲಿ ಕಡಲಿನವರೆಗೆ ಒಂದು ಪಟ್ಟಿ ನೆಲ ಕೊಡಲು ಚಿಲಿ ಮುಂದಾಯಿತು. ಬದಲಿಗೆ ಅಷ್ಟೇ ನೆಲವನ್ನು ಕೇಳಿತು. ಅದು ಪೆರುವಿನದಾಗಿದ್ದ ನೆಲವಾದುದರಿಂದ ಪೆರುವಿನ ಒಪ್ಪಿಗೆ ಬೇಕಾಯಿತು. ಕರಾವಳಿಯ ತುಂಡೊಂದನ್ನು ಮೂವರೂ ಸೇರಿ ಆಳಬೇಕೆಂದು ಪೆರು 1976ರ ನವೆಂಬರಿನಲ್ಲಿ ಸೂಚಿಸಿತು, ಚಿಲಿ ಒಪ್ಪಲಿಲ್ಲ. 1978ರ ಮಾರ್ಚ್ 17ರಂದು ಬೊಲಿವಿಯಾ ಪುನಃ ಸಂಬಂಧ ಕಡಿದುಕೊಂಡಿತು. ಅನಂತರ ದಶಕಗಳ ಕಾಲ ಉಳಿದುದು ಕಾನ್ಸುಲರು ಮಾತ್ರ.

2013ರಲ್ಲಿ ಬೊಲಿವಿಯಾ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಿತು. ನೆಲ ಕೊಡಿಸಿ ಎಂದಲ್ಲ, ಮಾತುಕತೆಗೆ ಬರಲು ಚಿಲಿ ಬದ್ಧವಾಗಿದೆಯೆಂದು ಸಾರಿರಿ ಎಂದು ಬೇಡಿತು. 2018ರ ಅಕ್ಟೋಬರ್ 1ರಂದು 12 ನ್ಯಾಯಾಧೀಶರು ಅಂತಹ ಬದ್ಧತೆಯಿಲ್ಲವೆಂದರು. ಮೂವರು ಭಿನ್ನಾಭಿಪ್ರಾಯ ತಾಳಿದರು. ಸಂವಾದಕ್ಕೆ ತೀರ್ಪು ಅಡ್ಡಿಯಲ್ಲವೆಂದೂ ನ್ಯಾಯಾಲಯ ಹೇಳಿತು. ಆ ಮೊಕದ್ದಮೆಯಲ್ಲಿ ಪೆರು ಪಕ್ಷಗಾರ ದೇಶವಾಗಿರಲಿಲ್ಲ.