ಬೆಳ್ಳಿಯ ಮುಡಿಸೂಜಿಗಳು ಎಲ್ಲಿ ಹೋದವು?

ಸೂರತ್‌ನ ಕತಾರ್‌ಗಾಮ್ ಎಂದರೆ ಇಂದು ವಜ್ರ ಉಜ್ಜುವ ಕಾರ್ಖಾನೆಗಳು. ಆದರೆ ಈ ಊರಿನ ಹಳೆಯ ಸಿರಿ ವಜ್ರವಲ್ಲ, ಬೆಳ್ಳಿ. ಬೆಳ್ಳಿ ಇಷ್ಟು ಹರಿದ ನಾಡಿನಲ್ಲಿ, ಹೆಂಗಸರೂ ಗಂಡಸರೂ ಕೂದಲು ಕಟ್ಟುತ್ತಿದ್ದ ಸಾವಿರಾರು ವರ್ಷಗಳಲ್ಲಿ, ತುರುಬಿಗೆ ಸಿಕ್ಕಿಸಿದ ಬೆಳ್ಳಿಯ ಸೂಜಿಗಳು ಏನಾದವು?

ಗುಜರಾತಿನ ಪ್ರಾಚೀನ ನೆಲವನ್ನು ನಮಗೆ ತೆರೆದು ತೋರಿಸಿದವರಲ್ಲಿ ಕನ್ನಡಿಗರೊಬ್ಬರು ಮುಖ್ಯರು: ಶಿಕಾರಿಪುರ ರಂಗನಾಥ ರಾವ್. 1955ರಲ್ಲಿ ಲೋಥಲ್‌ನ ಉತ್ಖನನ ಆರಂಭಿಸಿದ ಅವರು ಸೂರತ್‌ಗೆ ಉತ್ತರದಲ್ಲಿ, ಕೀಮ್ ನದಿ ಕಡಲು ಸೇರುವಲ್ಲಿನ ಭಗತ್ರಾವ್ ನೆಲೆಯನ್ನೂ ಗುರುತಿಸಿದರು. ತಾಪಿಯ ಕೆಳದಂಡೆಯ ಮಾಲ್ವಣವನ್ನು 1970ರಲ್ಲಿ ಆಲ್ಚಿನ್ ಮತ್ತು ಜೆ. ಪಿ. ಜೋಶಿ ಅಗೆದರು. ಇದೇ ಜೋಶಿ ಮುಂದೆ ಜಮ್ಮುವಿನ ಮಾಂಡಾದಲ್ಲಿ, ತುದಿಯಲ್ಲಿ ಎರಡು ಸುರುಳಿಗಳಿದ್ದ ತಾಮ್ರದ ಸೂಜಿಯನ್ನು ಕಂಡರು. ಅಂಥದೇ ಒಂದು ಚನ್ಹುದಾರೊದಲ್ಲೂ ಸಿಕ್ಕಿದೆ. ಪಶ್ಚಿಮ ಏಷ್ಯಾದಲ್ಲಿ ಇದರ ಬಂಧುಗಳು ಹಲವು. ಗಮನಿಸಿ, ಎರಡೂ ತಾಮ್ರದವು.

ಮೊದಲ ತೊಡಕು ಹೆಸರಿನದು. ಒಂದು ತುದಿ ಚೂಪಾದ ಗೇಣುದ್ದದ ಕಡ್ಡಿ ಸಿಕ್ಕರೆ ಅದು ಮುಡಿಗೋ, ಬಟ್ಟೆ ಹಿಡಿಯಲಿಕ್ಕೋ, ಕಣ್ಣಿಗೆ ಕಾಡಿಗೆ ಹಚ್ಚಲಿಕ್ಕೋ? ಅಸ್ಥಿಪಂಜರದ ತಲೆಯ ಪಕ್ಕದಲ್ಲಿ ಸಿಕ್ಕರೆ ಮಾತ್ರ ಧೈರ್ಯವಾಗಿ ಹೇಳಬಹುದು. ಹೆಂಗಸರದು ಎಂದು ಬರೆದುಬಿಡುವುದೂ ಅವಸರವೇ. ಮೊಹೆಂಜೊದಾರೊದ ಕಲ್ಲಿನ ತಲೆಗಳಲ್ಲಿ ಗಡ್ಡದ ಗಂಡಸರಿಗೂ ಅಚ್ಚುಕಟ್ಟಾದ ತುರುಬಿದೆ.

ಎರಡನೆಯದು ಮಣ್ಣಿನ ಕೆಲಸ. ಉಪ್ಪಿನಂಶವಿರುವ ನೆಲದಲ್ಲಿ ಬೆಳ್ಳಿ ನಿಧಾನವಾಗಿ ಬೆಳ್ಳಿ ಕ್ಲೋರೈಡ್ ಆಗುತ್ತದೆ: ಬೂದು ಬಣ್ಣ, ಉಬ್ಬಿದ ಮೈ, ಮುಟ್ಟಿದರೆ ಪುಡಿ. ದಪ್ಪ ಪಾತ್ರೆ ತಾಳಿಕೊಂಡೀತು, ಕಡ್ಡಿಯಷ್ಟು ತೆಳುವಾದ ಸೂಜಿ ತಾಳುವುದು ಕಷ್ಟ. ಬೆಳ್ಳಿಗೆ ತಾಮ್ರ ಬೆರೆಸಿದ್ದರೆ ತಾಮ್ರ ಹೊರಗೆ ಕಿಲುಬಾಗಿ ಹಸಿರು ಹೊದಿಕೆ ಕಟ್ಟುತ್ತದೆ. ಶುಚಿಗೊಳಿಸುವತನಕ ನೋಡಿದವರು ತಾಮ್ರದ ಕಡ್ಡಿ ಎಂದೇ ಬಗೆಯಬಹುದು.

ಇದೇ ಕ್ಷಯ ಒಮ್ಮೆ ಉಪಕಾರವನ್ನೂ ಮಾಡಿದೆ. ಮೊಹೆಂಜೊದಾರೊದ ಬೆಳ್ಳಿಯ ಪಾತ್ರೆಯೊಂದಕ್ಕೆ ಬಟ್ಟೆಯ ಚೂರು ಅಂಟಿಕೊಂಡಿತ್ತು. ಲೋಹದ ಲವಣಗಳು ಅದನ್ನು ಕೊಳೆಯದಂತೆ ಹಿಡಿದಿಟ್ಟಿದ್ದವು. 1920ರ ದಶಕದಲ್ಲಿ ಟರ್ನರ್ ಮತ್ತು ಗುಲಾಟಿ ಪರೀಕ್ಷಿಸಿ ಅದು ಹತ್ತಿಯೆಂದು ತೋರಿಸಿದರು. ಸಿಂಧೂ ಕಾಲದ ಹತ್ತಿಯ ಬಗೆಗೆ ನಮಗೆ ಸಾಕ್ಷಿ ನುಡಿದದ್ದು ಕೊಳೆಯುತ್ತಿದ್ದ ಬೆಳ್ಳಿ.

ಆದರೆ ನನ್ನ ಮಟ್ಟಿಗೆ ದೊಡ್ಡ ಅಪರಾಧಿ ಮಣ್ಣಲ್ಲ, ಮೂಸೆ. ಬೆಳ್ಳಿ ಅದಿರಾಗಿ ಒಮ್ಮೆ ಹುಟ್ಟಿದ ಮೇಲೆ ಸಾಯುವುದಿಲ್ಲ, ಆಕಾರ ಬದಲಿಸುತ್ತದೆ. 17ನೇ ಶತಮಾನದಲ್ಲಿ ಅಮೆರಿಕ ಖಂಡದ ಗಣಿಗಳ ಬೆಳ್ಳಿ ಸ್ಪೇನಿನ ನಾಣ್ಯವಾಗಿ, ಕೆಂಪು ಸಮುದ್ರದ ಬಂದರುಗಳ ಮೂಲಕ ಸೂರತ್‌ಗೆ ಬರುತ್ತಿತ್ತು; ಇಲ್ಲಿನ ಟಂಕಸಾಲೆಯಲ್ಲಿ ಕರಗಿ ಮೊಘಲರ ರೂಪಾಯಿಯಾಗುತ್ತಿತ್ತು. ರೂಪಾಯಿ ಅಕ್ಕಸಾಲಿಗನ ಬಳಿ ಒಡವೆ, ಬರಗಾಲದಲ್ಲಿ ಒಡವೆ ಮತ್ತೆ ಗಟ್ಟಿ. ಬೆಳ್ಳಿಯ ತಂತಿ ಎಳೆದು, ಚಪ್ಪಟೆ ಮಾಡಿ, ನೂಲಿಗೆ ಸುತ್ತಿದರೆ ಜರಿ. ನಮ್ಮ ಮೈಸೂರು ರೇಷ್ಮೆಗೂ ಸೂರತ್ ಜರಿ ಬರುತ್ತದೆ. ಹಳೆಯ ಜರಿ ಸೀರೆಯನ್ನು ಕೊಂಡು ಸುಟ್ಟು ಬೆಳ್ಳಿ ತೆಗೆಯುವವರನ್ನು ನಿಮ್ಮ ಬೀದಿಯಲ್ಲೂ ಕಂಡಿರಬಹುದು. ಅಜ್ಜಿಯ ಜಡೆಬಿಲ್ಲೆ ಮೊಮ್ಮಗಳ ಕಾಲುಗೆಜ್ಜೆಯಾಗುವುದೂ ಇದೇ ದಾರಿಯಲ್ಲಿ. ಹೀಗೆ ಸುತ್ತುತ್ತಿದ್ದ ಲೋಹದಲ್ಲಿ ಅಗೆಯುವವರ ಪಾಲಿಗೆ ಉಳಿಯುವುದು ಎರಡೇ: ಕಳೆದುಹೋದದ್ದು, ಬಚ್ಚಿಟ್ಟು ಮರಳಿ ತೆಗೆಯಲಾಗದೆ ಹೋದದ್ದು.

1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಪಾಯ ತೋಡುವಾಗ ಸಿಕ್ಕ ಬೆಳ್ಳಿ ಜಿಲ್ಲಾಧಿಕಾರಿಯ ಕಚೇರಿಗಿಂತ ಬೇಗ ಸರಾಫರ ಅಂಗಡಿ ತಲುಪುವುದು ಸುಲಭ. 1972ರ ಪ್ರಾಚ್ಯವಸ್ತು ಕಾಯ್ದೆಯ ಅಳತೆಯಲ್ಲಿ ನೂರು ವರ್ಷ ದಾಟಿದ ಕರಕುಶಲ ವಸ್ತುವೂ ಪ್ರಾಚ್ಯವಸ್ತುವೇ. ಮುತ್ತಜ್ಜಿಯ ಪೆಟ್ಟಿಗೆಯ ಮುಡಿಸೂಜಿಯೂ ಆ ಸಾಲಿಗೆ ಬಂದೀತು. ಮಾರಲೇಬೇಕಾಗಿ ಬಂದರೆ ಮೊದಲು ಒಂದು ಫೋಟೊ ತೆಗೆದು, ಯಾರು ಮುಡಿದದ್ದು, ಯಾವ ಊರಿನ ಅಕ್ಕಸಾಲಿಗ ಮಾಡಿದ್ದು, ತೂಕ ಎಷ್ಟು ಎಂದು ಬರೆದಿಡಿ.